ಹೈಸ್ಕೂಲ್ ಪ್ರೀತಿಯ ಕಾದಂಬರಿಯೊಂದು ಅಚ್ಚಾಗುವವರೆಗೆ: ಹಾಸನದಲ್ಲಿ ನನ್ನ ಎರಡೂವರೆ ವರ್ಷ

ಹೋದ ವಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದಿಂದ ಒಂದು ರಸೀದಿ ಬಂತು. ನಾನು ಕಳಿಸಿದ ಪುಸ್ತಕ ತಲುಪಿದೆ ಅಂತ. ಅಲ್ಲಿಗೆ ಬಾಕಿ ಉಳಿದಿದ್ದ ಕೊನೆಯ ಕೆಲಸವೂ ಮುಗಿಯಿತು. ಬರೆಯಲು ಕೂತದ್ದು 2023ರ ಏಪ್ರಿಲ್. ಈಗ 2025ರ ನವೆಂಬರ್. ಈ ದಿನಗಳಲ್ಲಿ ಯಾರ್ಯಾರನ್ನೋ ಕೇಳಿ, ಸ್ವಲ್ಪ ದುಡ್ಡು ಕಳೆದುಕೊಂಡು ಕಲಿತದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಹೈಸ್ಕೂಲ್ ಮಕ್ಕಳ ಸ್ನೇಹ, ಇಷ್ಟ, ಮುನಿಸಿನ ಬಗ್ಗೆ ಕನ್ನಡದಲ್ಲಿ ನಗಿಸುವಂಥ ಕಾದಂಬರಿ ಬರೆಯುವ ಆಸೆ ಇರುವವರಿಗೆ ಉಪಯೋಗ ಆಗಬಹುದು. ನನ್ನ ಪುಸ್ತಕದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಇದು ಅದರ ಮಾರಾಟಕ್ಕೆ ಬರೆದದ್ದಲ್ಲ.

ನಾನು ಹಾಸನದ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷಿನ ಇಂಥ ಕಾದಂಬರಿಗಳನ್ನು ಒಂದರ ಹಿಂದೆ ಒಂದು ಓದಿ ಮುಗಿಸಿದಳು. ಇದ್ದದ್ದು ನಾಲ್ಕೇ ನಾಲ್ಕು. ಕೊನೆಯದನ್ನು ವಾಪಸ್ ಕೊಡುತ್ತಾ, "ಮಿಸ್, ಇಂಥದ್ದು ಕನ್ನಡದಲ್ಲಿ ಇಲ್ವಾ?" ಅಂದಳು. ಕಪಾಟೆಲ್ಲ ಹುಡುಕಿದೆ. ಚಂದಮಾಮದ ವಯಸ್ಸು ದಾಟಿದ, ದೊಡ್ಡವರ ಕಾದಂಬರಿಗೆ ಇನ್ನೂ ಬಾರದ ಆ ಮಗುವಿಗೆ ಕೊಡಲು ನನ್ನ ಕೈಗೆ ಏನೂ ಸಿಗಲಿಲ್ಲ. ಅವಳು ಸುಮ್ನೆ ಹೋದಳು. ಆ ಬೇಸಿಗೆ ರಜೆಯಲ್ಲೇ ಬರೆಯಲು ಶುರು ಮಾಡಿದೆ.

ಮೊದಲು ಅರ್ಥವಾದದ್ದು, ಆ ಇಂಗ್ಲಿಷ್ ಪುಸ್ತಕಗಳ ಕಥೆಯನ್ನು ಇಲ್ಲಿಗೆ ಎತ್ತಿಡಲು ಆಗುವುದಿಲ್ಲ ಅನ್ನುವುದು. ಅಮೆರಿಕದಲ್ಲಿ ಹೈಸ್ಕೂಲ್ ಅಂದರೆ 9ರಿಂದ 12ನೇ ತರಗತಿ. ಹದಿನಾರಕ್ಕೆ ಕಾರು ಓಡಿಸುವ ಮಕ್ಕಳು, ಕಾರಿಡಾರಿನ ಲಾಕರ್‌ಗಳು, ವರ್ಷದ ಕೊನೆಗೆ ಪ್ರಾಮ್ ಅನ್ನುವ ಡ್ಯಾನ್ಸು. ಕಥೆಯ ತಿರುವುಗಳೆಲ್ಲ ಇವುಗಳ ಮೇಲೇ ನಿಂತಿರುತ್ತವೆ. ನಮ್ಮ ಹೈಸ್ಕೂಲ್ ಎಂಟರಿಂದ ಹತ್ತು. ಇಲ್ಲಿ ಹುಡುಗ ಹುಡುಗಿ ಒಂದೇ ಬೆಂಚಿನಲ್ಲಿ ಕೂರುವುದೂ ಅಪರೂಪ. ಹಾಗಾದರೆ ಅವರಿಬ್ಬರು ಮಾತಾಡುವುದಾದರೂ ಎಲ್ಲಿ? ನಾನು ಎರಡು ಜಾಗ ಹುಡುಕಿಕೊಂಡೆ. ಒಂದು, ಪ್ರತಿಭಾ ಕಾರಂಜಿಯ ಪ್ರಾಕ್ಟೀಸು. ಇನ್ನೊಂದು, ಆಲೂರಿನಿಂದ ಹಾಸನಕ್ಕೆ ಬರುವ ಬೆಳಗಿನ ಬಸ್ಸು. ಅಷ್ಟು ಸಿಕ್ಕ ಮೇಲೆ ಕಥೆ ತಾನಾಗಿ ನಡೆಯಿತು. ಶಾಲೆ ಇರುವ ದಿನ ರಾತ್ರಿ ಎರಡು ಗಂಟೆ, ಭಾನುವಾರ ಸ್ವಲ್ಪ ಜಾಸ್ತಿ. ಪೂರ್ತಿ ಫೋನಿನಲ್ಲೇ ಟೈಪ್ ಮಾಡಿದೆ. ಹಾಸನಾಂಬೆಯ ಬಾಗಿಲು ತೆರೆದು ಊರೆಲ್ಲ ಜನ ತುಂಬಿದ್ದ ಸಮಯಕ್ಕೆ ಮೊದಲ ಕರಡು ಮುಗಿಯಿತು.

ಆಮೇಲೆ ಶುರುವಾಯಿತು ಕಾಯುವುದು.

ಮೊದಲ ಪ್ರಕಾಶಕರಿಗೆ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಕಳಿಸಿದೆ. ನಾಲ್ಕು ತಿಂಗಳು ಉತ್ತರವಿಲ್ಲ. ಫೋನ್ ಮಾಡಿದಾಗ ಕೇಳಿದ್ದು ಒಂದೇ ಪ್ರಶ್ನೆ. "ಇದು ಮಕ್ಕಳ ಪುಸ್ತಕವಾ, ದೊಡ್ಡವರದ್ದಾ?" ಎರಡೂ ಅಲ್ಲ, ನಡುವಿನವರದ್ದು ಅಂದೆ. "ಹಾಗಾದ್ರೆ ಅಂಗಡಿಯಲ್ಲಿ ಎಲ್ಲಿ ಇಡೋದು?" ಅಂದರು. ಕೋಪ ಬರಲಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನನ್ನ ಲೈಬ್ರರಿಯ ಕಪಾಟಿನಲ್ಲೇ ಅದಕ್ಕೊಂದು ಅರೆ ಇರಲಿಲ್ಲ ಅಲ್ವಾ.

ಎರಡನೆಯವರು ಓದಿದ್ದರು. ಚೆನ್ನಾಗಿದೆ, ಆದರೆ ಹೈಸ್ಕೂಲ್ ಬೇಡ, ಇಬ್ಬರನ್ನೂ ಪಿಯುಸಿಗೆ ಹಾಕಿ ಅಂದರು. ಮೂರು ವಾರ ಯೋಚನೆ ಮಾಡಿದೆ. ಪಿಯುಸಿ ಮಕ್ಕಳಿಗೂ ಹದಿನಾರು, ಹದಿನೇಳು. ಕಾನೂನಿನ ಕಣ್ಣಲ್ಲಿ ಹದಿನೆಂಟರವರೆಗೂ ಮಕ್ಕಳೇ. ತರಗತಿ ಬದಲಿಸಿದರೆ ಹೊಣೆ ಕಡಿಮೆ ಆಗುವುದಿಲ್ಲ, ಬರೆಯುವ ರೀತಿಯಲ್ಲೇ ಅದು ಇರಬೇಕು. ನನ್ನ ಕಥೆಯಲ್ಲಿ ಇರುವುದು ಎದೆ ಹೊಡೆದುಕೊಳ್ಳುವುದು, ಮಾತು ತಪ್ಪುವುದು, ಬೇರೆಯವರ ಪರವಾಗಿ ಬರೆದ ಚೀಟಿ ತಪ್ಪಿ ಇನ್ಯಾರ ಕೈಗೋ ಹೋಗುವುದು, ಅಷ್ಟೇ. ಹತ್ತನೇ ತರಗತಿಯನ್ನು ತೆಗೆದರೆ ಎಸ್ಸೆಸ್ಸೆಲ್ಸಿ ಭಯವೂ ಹೋಗುತ್ತದೆ. ಆ ಭಯ ಇಲ್ಲದೆ ನಗು ಹುಟ್ಟುವುದಿಲ್ಲ. ಬೇಡ ಅಂತ ಬರೆದು ಕಳಿಸಿದೆ. ಕಳಿಸಿದ ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯವರು 65,000 ರೂಪಾಯಿ ಕೇಳಿದರು. 300 ಪ್ರತಿ ಹಾಕುತ್ತೇವೆ, ನಿಮಗೆ 50 ಕೊಡುತ್ತೇವೆ ಅಂದರು. ಉಳಿದವು ಎಲ್ಲಿಗೆ ಹೋಗುತ್ತವೆ, ಲೆಕ್ಕ ಯಾವಾಗ ಕೊಡುತ್ತೀರಿ ಅಂತ ಕೇಳಿದ್ದಕ್ಕೆ ಕಾಗದದಲ್ಲಿ ಏನೂ ಸಿಗಲಿಲ್ಲ. ಯಾರಾದರೂ ಹೀಗೆ ದುಡ್ಡು ಕೇಳಿದರೆ ಮೊದಲು ಒಪ್ಪಂದ ಪತ್ರ ಕೇಳಿ. ಹಕ್ಕು ಯಾರದ್ದು ಅನ್ನುವ ಸಾಲನ್ನು ಎರಡು ಸಲ ಓದಿ. ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ಬರೆದವರದ್ದು. 1957ರ ಕಾಯ್ದೆಯ ಪ್ರಕಾರ ಅದಕ್ಕೆ ನೋಂದಣಿ ಕಡ್ಡಾಯ ಅಲ್ಲ. ಅದನ್ನು ಸುಮ್ನೆ ಬರೆದುಕೊಡಬೇಡಿ.

ಇಷ್ಟರಲ್ಲಿ 2024ರ ಸೆಪ್ಟೆಂಬರ್ ಮುಗಿಯಿತು. ದಸರಾ ರಜೆಗೆ ಅಕ್ಕನ ಮಗಳು ಅರಕಲಗೂಡಿನಿಂದ ಬಂದಳು. ಆಗ ಅವಳು ಒಂಬತ್ತನೇ ತರಗತಿ. ಟೇಬಲ್ ಮೇಲಿದ್ದ ಸ್ಪೈರಲ್ ಪುಸ್ತಕ ಎತ್ತಿಕೊಂಡು ಮಹಡಿಗೆ ಹೋದಳು. ಒಂದು ಗಂಟೆಯಲ್ಲಿ ಕೆಳಗಿಳಿದು ಬಂದು ಕೇಳಿದ ಮೊದಲ ಮಾತು, "ಚಿಕ್ಕಮ್ಮ, ಇವನು ಯಾಕೆ ಅವಳಿಗೆ ಟಿಕೆಟ್ ತಗೋತಾನೆ? ಹುಡುಗೀರಿಗೆ ಬಸ್ ಫ್ರೀ ಅಲ್ವಾ?"

ನಾನು ಹಾಗೇ ಕೂತುಬಿಟ್ಟೆ. ನನ್ನ ಕಾದಂಬರಿಯ ಮೂರನೇ ಅಧ್ಯಾಯದಲ್ಲಿ ಹುಡುಗಿ ಪಾಸ್ ಮರೆತು ಬಸ್ ಹತ್ತುತ್ತಾಳೆ. ಹುಡುಗ ಟಿಕೆಟ್ ತೆಗೆಸುತ್ತಾನೆ. ಇಬ್ಬರ ಕಥೆ ಶುರುವಾಗುವುದೇ ಅಲ್ಲಿ. ಅದನ್ನು ಬರೆದದ್ದು 2023ರ ಏಪ್ರಿಲ್‌ನಲ್ಲಿ. ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೇ ಇಲ್ಲ. ನಾನೂ ದಿನಾ ಆ ಶೂನ್ಯ ಟಿಕೆಟ್ ಹಿಡಿದೇ ಓಡಾಡುತ್ತಿದ್ದೆ. ಕಥೆಯೊಳಗೆ ಅದು ಹೊಳೆದಿರಲಿಲ್ಲ. ಓದಿದ ಪ್ರಕಾಶಕರಿಗೂ ಹೊಳೆದಿರಲಿಲ್ಲ.

ಅವಳ ಕೈಗೆ ಪೆನ್ಸಿಲ್ ಕೊಟ್ಟೆ. ಎಲ್ಲಿ ಸುಳ್ಳು ಅನ್ನಿಸುತ್ತೋ ಅಲ್ಲೆಲ್ಲ ಗೆರೆ ಎಳಿ ಅಂದೆ. ಅವಳು ರಜೆ ಮುಗಿಯುವವರೆಗೆ ಗೆರೆ ಎಳೆದಳು. ಎಂಟನೇ ತರಗತಿಯವರಿಗೆ ಸರ್ಕಾರ ಕೊಟ್ಟ ಸೈಕಲ್ಲನ್ನು ನಾಯಕನಿಗೆ ಕೊಟ್ಟಿದ್ದೆ. "ಈಗ ಸೈಕಲ್ ಕೊಡಲ್ಲ." ಫೇಲಾದರೆ ಸಪ್ಲಿಮೆಂಟರಿ ಅಂತ ಬರೆದಿದ್ದೆ. "ಈಗ ಪರೀಕ್ಷೆ 1, ಪರೀಕ್ಷೆ 2 ಅಂತಾರೆ." ಹುಡುಗ ಮೇಷ್ಟ್ರ ಎದುರು ಫೋನ್ ತೆಗೆಯುತ್ತಾನೆ. "ಸ್ಕೂಲಿಗೆ ಫೋನ್ ತರಂಗಿಲ್ಲ. ಅಮ್ಮನ ಫೋನಲ್ಲಿ ಮೆಸೇಜ್ ಮಾಡಿ ಡಿಲೀಟ್ ಮಾಡ್ತಾರೆ."

ಎಲ್ಲಕ್ಕಿಂತ ದೊಡ್ಡ ಗೆರೆ ಇದ್ದದ್ದು ಕೊನೆಯ ಅಧ್ಯಾಯದಲ್ಲಿ. ಹುಡುಗ ಮಹಾರಾಜ ಪಾರ್ಕಿನ ಗೇಟಿನ ಹತ್ತಿರ ನಿಂತು, ನೀನಂದ್ರೆ ನಂಗೆ ತುಂಬ ಇಷ್ಟ ಅಂತ ಅರ್ಧ ಪುಟ ಮಾತಾಡುತ್ತಾನೆ. ಆ ಅರ್ಧ ಪುಟಕ್ಕೂ ಅಡ್ಡ ಗೆರೆ. ಪಕ್ಕದಲ್ಲಿ ಬರೆದಿದ್ದಳು: "ಹಂಗೆ ಯಾರೂ ಹೇಳಲ್ಲ. ನಾಳೆ ಬರ್ತೀಯಾ ಅಂತಾರೆ ಅಷ್ಟೇ."

ನಾನು ಆ ಅರ್ಧ ಪುಟವನ್ನು ಹನ್ನೊಂದು ಸಲ ತಿದ್ದಿ ಬರೆದಿದ್ದೆ. ಆ ರಾತ್ರಿ ಅಷ್ಟನ್ನೂ ತೆಗೆದು "ನಾಳೆ ಬರ್ತೀಯಾ?" ಅಂತ ಎರಡು ಪದ ಇಟ್ಟೆ. ಈಗ ಓದಿದವರೆಲ್ಲ ಮಾತಾಡುವುದು ಆ ಜಾಗದ ಬಗ್ಗೆಯೇ.

ಬಸ್ಸಿನ ಅಧ್ಯಾಯವನ್ನು ತಿರುಗಿಸಿದೆ. ಈಗ ಪಾಸ್ ಮರೆಯುವವನು ಹುಡುಗ. ಜೇಬಿನಲ್ಲಿ ದುಡ್ಡಿಲ್ಲ. ಹುಡುಗಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳುತ್ತಾಳೆ, ಅವನ ಟಿಕೆಟ್ಟಿಗೆ ತಾನೇ 12 ರೂಪಾಯಿ ಕೊಡುತ್ತಾಳೆ. ಅವನ ಕಣ್ಣೆಲ್ಲ ಅವಳ ಆಧಾರಿನ ಫೋಟೋ ಮೇಲೆ. ಅವಳು ಬೆರಳು ಅಡ್ಡ ಇಟ್ಟು ಮುಚ್ಚುತ್ತಾಳೆ. ಅಲ್ಲಿಂದ ಕಾದಂಬರಿ ಪೂರ್ತಿ ಅವನು ಆ 12 ರೂಪಾಯಿ ವಾಪಸ್ ಕೊಡಲು ನೋಡುತ್ತಾನೆ, ಅವಳು ತೆಗೆದುಕೊಳ್ಳುವುದಿಲ್ಲ. ಇಡೀ ಕಥೆಗೆ ಒಂದು ದಾರ ಸಿಕ್ಕಿತು. 2025ರ ಜನವರಿ 5ಕ್ಕೆ ಬಸ್ ದರ ಶೇಕಡ 15 ಏರಿದಾಗ ಆ ಹನ್ನೆರಡನ್ನು ಎಲ್ಲ ಕಡೆ ಹದಿನಾಲ್ಕು ಮಾಡಿದೆ.

ಆಮೇಲೆ ಇನ್ನೂ ಮೂರು ಮಕ್ಕಳಿಗೆ, ಅವರ ಅಪ್ಪ ಅಮ್ಮನನ್ನು ಕೇಳಿಯೇ, ಓದಲು ಕೊಟ್ಟೆ. ಪ್ರಿಂಟಿಗೆ 900 ರೂಪಾಯಿ ಆಯಿತು. ನಾನು ಖರ್ಚು ಮಾಡಿದ ದುಡ್ಡಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಅದೇ. ಪ್ರಕಾಶಕರಿಗೆ ಕಳಿಸುವ ಮೊದಲೇ ಇದನ್ನು ಮಾಡಿ. ನಾನು ಒಂದು ವರ್ಷ ತಡ ಮಾಡಿದೆ.

ನಾನೇ ಅಚ್ಚು ಹಾಕಿಸುವುದು ಅಂತ ತೀರ್ಮಾನ ಮಾಡಿದ ಮೇಲೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟಿಸುವ ಕೆಲಸ ಬಂತು. ಇಲ್ಲಿ ಒಂದು ವಿಷಯ ಗೊತ್ತಿಲ್ಲದೆ 2,000 ರೂಪಾಯಿ ಹೋಯಿತು. ನಾವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್, ಅಂದರೆ ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ. ನಾನು ಹೋದ ಅಂಗಡಿಯಲ್ಲಿ ಇದ್ದದ್ದು ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್, ಹಳೆಯ ನುಡಿ ಫಾಂಟು. ಅದಕ್ಕೆ ಯೂನಿಕೋಡ್ ಅರ್ಥ ಆಗುವುದಿಲ್ಲ, ಪರಿವರ್ತಿಸಿ ಹಾಕಬೇಕು. ಹಾಕಿದರು. ಒತ್ತಕ್ಷರ ಎಲ್ಲೋ, ಅರ್ಕಾವತ್ತು ಎಲ್ಲೋ. "ರ‍್ಯಾಂಕ್" ಅನ್ನುವ ಪದ ನನ್ನ ಕಥೆಯಲ್ಲಿ ಪುಟಕ್ಕೊಂದು ಸಲ ಬರುತ್ತದೆ. ಅದು ಒಂದು ಕಡೆಯೂ ನೆಟ್ಟಗೆ ಬಂದಿರಲಿಲ್ಲ. ಕೈಯಲ್ಲೇ ತಿದ್ದಿಬಿಡೋಣ ಅಂತ ಎರಡು ವಾರ ಕೂತೆ. ಒಂದು ತಿದ್ದಿದರೆ ಇನ್ನೊಂದು ಕಡೆ ಸಾಲು ಒಡೆಯುತ್ತಿತ್ತು. ಕೊನೆಗೆ ಅಡ್ವಾನ್ಸ್ ಬಿಟ್ಟು ಎದ್ದು ಬಂದೆ. ಬೇರೆ ಕಡೆ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಫಾಂಟಿನಲ್ಲೇ ಪುಟ ಕಟ್ಟಿಕೊಟ್ಟರು. ಪುಟಕ್ಕೆ 20 ರೂಪಾಯಿ. ನೀವು ಹೋದ ಕೂಡಲೇ ಕೇಳಬೇಕಾದ ಪ್ರಶ್ನೆ ಇದು: ಯೂನಿಕೋಡಿನಲ್ಲೇ ಪುಟ ಕಟ್ಟುತ್ತೀರಾ? ಒಂದು ಪುಟ ಮಾದರಿ ತೆಗೆಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಪುಟದ ಲೆಕ್ಕವೂ ಇದೆ. ಪುಸ್ತಕ ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ. ನನ್ನದು 181 ಪುಟ ಬಂದಿತ್ತು. ಐದು ಪುಟಕ್ಕೆ ಇನ್ನೊಂದು ಫಾರಂ ಹಾಕಬೇಕಾಗುತ್ತಿತ್ತು. ಎರಡು ಸಣ್ಣ ದೃಶ್ಯ ಬಿಟ್ಟು 176ಕ್ಕೆ ಇಳಿಸಿದೆ, ಹನ್ನೊಂದು ಫಾರಂ ಸರಿಯಾಯಿತು. ಅದರಲ್ಲಿ ಒಂದು ದೃಶ್ಯ ಬಿಟ್ಟದ್ದಕ್ಕೆ ಇವತ್ತಿಗೂ ಬೇಜಾರಿದೆ.

ಕರಡು ತಿದ್ದಲು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಒಪ್ಪಿದರು. ಪುಟಕ್ಕೆ 10 ರೂಪಾಯಿ. ಕಣ್ಣು ಬಹಳ ಚುರುಕು. ಆದರೆ ಹಾಳೆ ವಾಪಸ್ ಬಂದಾಗ ನನ್ನ ಮಕ್ಕಳೆಲ್ಲ ಪಠ್ಯಪುಸ್ತಕದಂತೆ ಮಾತಾಡುತ್ತಿದ್ದರು. "ಬತ್ತೀನಿ ಕಣ್ಲಾ" ಅಂದದ್ದು "ಬರುತ್ತೇನೆ ಗೆಳೆಯಾ" ಆಗಿತ್ತು. "ನಾಳೆ ಬರ್ತೀಯಾ?" ಅನ್ನುವುದು "ನಾಳೆ ಬರುತ್ತೀಯಾ?" ಆಗಿತ್ತು. ಸಾಲಗಾಮೆ ರಸ್ತೆಯ ಅವರ ಮನೆಗೇ ಹೋದೆ. ವಾದ ಮಾಡಲಿಲ್ಲ. ಬಸ್ಸಿನ ಅಧ್ಯಾಯವನ್ನು ಎರಡು ರೀತಿಯಲ್ಲೂ ಗಟ್ಟಿಯಾಗಿ ಓದಿದೆ. ಮೇಷ್ಟ್ರು ಕೇಳಿಸಿಕೊಂಡರು. ಹಜಾರದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವರ ಮನೆಯವರು ನಕ್ಕರು. "ಅವಳು ಮೊದಲು ಬರೆದದ್ದೇ ಸರಿ ಕಣ್ರೀ, ನಮ್ಮೂರಲ್ಲಿ ಮಕ್ಕಳು ಹಂಗೇ ಮಾತಾಡೋದು" ಅಂದರು. ಮೇಷ್ಟ್ರು ಕನ್ನಡಕ ಹಾಕಿಕೊಂಡು, ತಾವೇ ಹೊಡೆದ ಪದಗಳ ಕೆಳಗೆ ಒಂದೊಂದಾಗಿ ಚುಕ್ಕಿ ಇಟ್ಟುಕೊಂಡು ಹೋದರು. ಹಾಗೇ ಇರಲಿ ಅನ್ನುವುದಕ್ಕೆ ಆ ಗುರುತು. "ಕಥೆ ಹೇಳೋ ಭಾಗ ನೆಟ್ಟಗಿರಲಿ ತಾಯಿ, ಮಾತು ಅವರದ್ದೇ ಇರಲಿ" ಅಂದರು. ಮಾತಿನಲ್ಲಿ ಹೀಗೇ ಉಳಿಯಬೇಕಾದ ರೂಪಗಳನ್ನು ಒಂದು ಹಾಳೆಯಲ್ಲಿ ಬರೆದು ಮೊದಲೇ ಕರಡಿನ ಜೊತೆ ಕೊಡಿ. ಅಷ್ಟು ಮಾಡಿದ್ದರೆ ಅವರಿಗೂ ನನಗೂ ಇಪ್ಪತ್ತು ದಿನ ಉಳಿಯುತ್ತಿತ್ತು.

ಮುಖಪುಟಕ್ಕೆ 4,000. ಮೊದಲ ಚಿತ್ರದಲ್ಲಿ ದೊಡ್ಡದೊಂದು ಕೆಂಪು ಹೃದಯ ಇತ್ತು. ಅಕ್ಕನ ಮಗಳು ನೋಡಿ, "ಇದನ್ನ ಮನೆಗೆ ಹೆಂಗೆ ತಗೊಂಡ್ ಹೋಗೋದು?" ಅಂದಳು. ಬದಲಿಗೆ ಬಸ್ ಸೀಟಿನ ಮೇಲೆ ಒಂದಕ್ಕೊಂದು ಒರಗಿಕೊಂಡ ಎರಡು ಶಾಲೆ ಬ್ಯಾಗು ಬರೆಸಿದೆ.

ಐಎಸ್‌ಬಿಎನ್ ಅಂದರೆ ಪುಸ್ತಕಕ್ಕೆ ಸಿಗುವ ಗುರುತಿನ ನಂಬರ್. ಅದರ ಬಗ್ಗೆ ಗೊಂದಲ ಜಾಸ್ತಿ ಇದೆ. ಅದನ್ನು ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ, ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ತಾನೇ ಪ್ರಕಟಿಸುವ ಲೇಖಕರೂ ಹಾಕಬಹುದು. ನನಗೆ ಒಬ್ಬರು 2,500 ರೂಪಾಯಿ ಕೊಟ್ಟರೆ ಮಾಡಿಸಿಕೊಡುತ್ತೇನೆ ಅಂದಿದ್ದರು. ಕೊಡಬೇಡಿ. ನನ್ನನ್ನು ತಡೆದದ್ದು ಎರಡು ವಿಷಯ. ಅರ್ಜಿಗೆ ಮುಖಪುಟ ಬೇಕು, ಮುಖಪುಟಕ್ಕೆ ನಂಬರ್ ಬೇಕು. ಯಾವುದು ಮೊದಲು ಅಂತ ಹತ್ತು ದಿನ ಒದ್ದಾಡಿದೆ. ಬಾರ್‌ಕೋಡ್ ಜಾಗ ಖಾಲಿ ಬಿಟ್ಟ ಮುಖಪುಟವನ್ನೇ ಹಾಕಿ ಕಳಿಸಿದೆ, ನಂಬರ್ ಬಂದ ಮೇಲೆ ಪ್ರೆಸ್ಸಿನವರು ಬಾರ್‌ಕೋಡ್ ಕೂರಿಸಿದರು. ಎರಡನೆಯದು ಹೆಸರು. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇದೆ, ಮುಖಪುಟದಲ್ಲಿ ಇರಲಿಲ್ಲ. ಅರ್ಜಿ ತಿರುಗಿ ಬಂತು. ಎರಡೂ ಕಡೆ ಒಂದೇ ರೀತಿ ಇರುವಂತೆ ಮಾಡಿ ಮತ್ತೆ ಹಾಕಿದೆ. ಮೂರು ವಾರಕ್ಕೆ 13 ಅಂಕಿಯ ನಂಬರ್ ಬಂತು. ಅದನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದೆ. ಅಮ್ಮ ಯಾರ ಫೋನ್ ನಂಬರ್ ಅಂತ ಕೇಳಿದರು.

ಆ ಕಾಯುವ ದಿನಗಳಲ್ಲೇ, 2025ರ ಮೇ 20ರಂದು, ನಮ್ಮ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಪುಸ್ತಕಕ್ಕೆ ಮೊದಲ ಸಲ. ಮರುದಿನ ತರಕಾರಿ ಅಂಗಡಿಯಲ್ಲೂ ಅದೇ ಮಾತು. ನನ್ನ ಪುಸ್ತಕಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಆದರೆ ಇದೇ ಬೀದಿಗಳಲ್ಲಿ ಓಡಾಡುವವರು ಬರೆದದ್ದು ಅಷ್ಟು ದೂರ ಹೋಯಿತಲ್ಲ ಅಂತ ಎದೆ ತುಂಬಿ ಬಂತು. ಮುದ್ರಣಕ್ಕೆ ದುಡ್ಡು ಹಾಕಲು ಹಿಂದೆ ಮುಂದೆ ನೋಡುತ್ತಿದ್ದವಳು ಆ ವಾರವೇ ಪ್ರೆಸ್ಸಿಗೆ ಫೋನ್ ಮಾಡಿದೆ.

ಪ್ರೆಸ್ ಬೆಂಗಳೂರಿನದ್ದು. ಕುಣಿಗಲ್ ದಾರಿಯ ರೈಲಿನಲ್ಲಿ ಹೋಗಿ ಕಾಗದ ಮುಟ್ಟಿ ನೋಡಿ ಬಂದೆ. ಡೆಮಿ 1/8 ಅಳತೆ, ಒಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಮೇಲೆ 300 ಜಿಎಸ್‌ಎಂ ಆರ್ಟ್ ಬೋರ್ಡ್. ಡೆಮಿ 1/8 ಅನ್ನುವುದು ಕಾದಂಬರಿಗಳ ಸಾಮಾನ್ಯ ಅಳತೆ, ಜಿಎಸ್‌ಎಂ ಅಂದರೆ ಕಾಗದದ ತೂಕದ ಲೆಕ್ಕ. 500 ಪ್ರತಿಗೆ 38,000 ರೂಪಾಯಿ, ಅಂದರೆ ಒಂದಕ್ಕೆ 76. ಜುಲೈ ಕೊನೆಗೆ ಪಾರ್ಸೆಲ್ ಬಂತು, ಸಾಗಣೆಗೆ 650. ಕಟ್ಟು ಬಿಚ್ಚಿ ಮೊದಲ ಪ್ರತಿ ಕೈಗೆತ್ತಿಕೊಂಡಾಗ ಓದಲು ಆಗಲಿಲ್ಲ. ಮೂಸಿ ನೋಡಿ ಅಮ್ಮನ ಕೈಗೆ ಕೊಟ್ಟೆ. ಎಲ್ಲ ಸೇರಿ, ಬಿಟ್ಟು ಬಂದ ಅಡ್ವಾನ್ಸನ್ನೂ ಹಿಡಿದು, 50,830 ರೂಪಾಯಿ ಆಯಿತು.

ಅಚ್ಚಾದ ಮೇಲೂ ಕೆಲಸ ಇದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. 1954ರ ಕಾಯ್ದೆಯಂತೆ, ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಪ್ರಕಾಶಕರೇ ತಮ್ಮ ಖರ್ಚಿನಲ್ಲಿ ಒಂದೊಂದು ಪ್ರತಿ ಕಳಿಸಬೇಕು. ಸ್ವಂತವಾಗಿ ಪ್ರಕಟಿಸಿದರೆ ಆ ಪ್ರಕಾಶಕರು ನಾವೇ. ಅಂಚೆ ಕಚೇರಿಯಲ್ಲಿ ಹಳೆಯ ಬುಕ್ ಪೋಸ್ಟ್ ಕೇಳಿದೆ. ಅದು ಈಗ ಇಲ್ಲ, ಜ್ಞಾನ ಪೋಸ್ಟ್ ಇದೆ ಅಂದರು. 2025ರ ಮೇ 1ರಿಂದ ಬಂದದ್ದು. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ನನ್ನ ಪುಸ್ತಕ ಕವರ್ ಸೇರಿ ಅದರೊಳಗೇ ಬಂತು. ಕೌಂಟರಿನವರು ಮುದ್ರಕರ, ಪ್ರಕಾಶಕರ ಹೆಸರಿರುವ ಪುಟ ತೆಗೆದು ನೋಡಿ ತೆಗೆದುಕೊಂಡರು. ಆ ಪುಟ ಬಿಟ್ಟು ಅಚ್ಚು ಹಾಕಿಸಬೇಡಿ.

ಒಂದು ವಿಷಯಕ್ಕೆ ಮಾತ್ರ ತುಂಬ ಸಂಕಟವಾಯಿತು. ಬೆಂಗಳೂರಿನ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ. ಅದು ಹಸ್ತಪ್ರತಿಗೆ. ನನಗೆ ಗೊತ್ತಾಗುವ ಹೊತ್ತಿಗೆ ಪುಸ್ತಕ ಮನೆಯಲ್ಲಿತ್ತು. ನೀವು ಅಚ್ಚಿಗೆ ಕೊಡುವ ಮೊದಲು ಅವರ ಪ್ರಕಟಣೆ ನೋಡಿ. ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಪುಸ್ತಕ ಕೊಳ್ಳುತ್ತದೆ, ಅದಕ್ಕೆ ಅರ್ಜಿ ಕರೆದಾಗ ಹಾಕಲು ಕಾಗದ ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ.

ಬೆಲೆ 190 ಇಟ್ಟೆ. ಅಂಗಡಿಗೆ ಶೇಕಡ 40 ಬಿಟ್ಟರೆ ಕೈಗೆ ಬರುವುದು 114. ನೇರವಾಗಿ 170ಕ್ಕೆ 120 ಪ್ರತಿ ಕೊಟ್ಟಿದ್ದೇನೆ, ಅಂಗಡಿಗಳಿಂದ ಸದ್ಯಕ್ಕೆ 40 ಪ್ರತಿಯ ದುಡ್ಡು ಬಂದಿದೆ. ಸೇರಿಸಿದರೆ 24,960. ಇನ್ನೂ ಅರ್ಧ ಬರಬೇಕು. ಒಂದೇ ವರ್ಷದಲ್ಲಿ ವಾಪಸ್ ಬರುತ್ತದೆ ಅಂತ ಸಾಲ ಮಾಡಬೇಡಿ. ನಾನು ಹಾಕಿದ್ದು ಉಳಿತಾಯದ ದುಡ್ಡು.

ನಮ್ಮ ಶಾಲೆಯ ಲೈಬ್ರರಿಗೆ ಇಡಲು ಹೆಡ್ ಮಿಸ್ ಅನುಮತಿ ಬೇಕಿತ್ತು. ನಾನೇ ಬರೆದದ್ದಾದ್ದರಿಂದ ಅವರ ಟೇಬಲ್ ಮೇಲಿಟ್ಟು ಬಂದೆ, ಏನೂ ಹೇಳಲಿಲ್ಲ. ಎರಡು ವಾರ ಅವರೂ ಏನೂ ಹೇಳಲಿಲ್ಲ. ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಹೊಟ್ಟೆಯಲ್ಲಿ ಕಿವುಚಿದಂತೆ ಆಗುತ್ತಿತ್ತು. ಹದಿನೈದನೇ ದಿನ ಕರೆಸಿ ಪುಸ್ತಕ ಕೊಟ್ಟರು. "ಆ ಹದಿನಾಲ್ಕು ರೂಪಾಯಿ ಕೊನೆಗೂ ತಗೊಳ್ಳಲ್ವಲ್ಲ ಅವಳು" ಅಂದರು. ಅಷ್ಟೇ. ರಿಜಿಸ್ಟರಿನಲ್ಲಿ ಹತ್ತಿಸಿದೆ. ಮಕ್ಕಳ ಕಥೆಗಳ ಅರೆಗೂ ಕಾದಂಬರಿಗಳ ಅರೆಗೂ ನಡುವೆ ಒಂದು ಅರೆ ಖಾಲಿ ಮಾಡಿ, "8, 9, 10" ಅಂತ ಚೀಟಿ ಬರೆದು ಅಂಟಿಸಿದೆ. ಅಲ್ಲಿ ಸದ್ಯಕ್ಕೆ ಐದು ಪುಸ್ತಕ ಇವೆ. ನಾಲ್ಕು ಇಂಗ್ಲಿಷು, ಒಂದು ಕನ್ನಡ.

ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ವಾಪಸ್ ಕೊಟ್ಟು ಹೋದಳು. ಸೀಲ್ ಹಾಕಲು ತೆರೆದಾಗ ನಡುವಿನ ಪುಟದಲ್ಲಿ ಒಂದು ಶೂನ್ಯ ಟಿಕೆಟ್ ಇತ್ತು. ಆಲೂರು, ಹಾಸನ. ಎಲ್ಲಿಗೆ ಓದಿದ್ದೇನೆ ಅಂತ ಗುರುತಿಗೆ ಇಟ್ಟುಕೊಂಡಿದ್ದಿರಬೇಕು. ತೆಗೆಯದೆ ಹಾಗೇ ಅರೆಗೆ ಇಟ್ಟೆ.